ಬೆಳಗಾವಿಯಿಂದ ಹಿಮಾಲಯದ ರೇಸಿಗೆ: ಕಾಲು ಬಿಡಿ, ಮೊದಲು ಕೈ ಮತ್ತು ಹೊಟ್ಟೆ ತಯಾರಾಗಲಿ

ಭಾನುವಾರ ನಸುಕಿನಲ್ಲಿ ರಾಜಹಂಸಗಡದ ಏರಿಗೆ ಹೋದರೆ ಸೈಕಲ್ ಮಂದಿ ಸಿಕ್ಕೇ ಸಿಗುತ್ತಾರೆ. ಅವರಲ್ಲಿ ಒಬ್ಬರಾದರೂ ‘ಮುಂದಿನ ವರ್ಷ ಹಿಮಾಚಲದ ರೇಸಿಗೆ ಹೋಗೂದೈತ್ರಿ’ ಅನ್ನುವವರು. ಈ ಲೇಖನ ಅಂಥವರಿಗೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟಕ್ಕೆ ಹೋದ ಸವಾರರಿಗೆ ಹೇಳಿಕೊಡಲು ತರಬೇತುದಾರರಿದ್ದಾರೆ. ಅಂಗಡಿ, ಆಫೀಸು, ಮಕ್ಕಳ ಶಾಲೆ ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಪೆಡಲ್ ತುಳಿಯುವವರ ಲೆಕ್ಕ ಬೇರೆ. ಆರು ತಿಂಗಳು ಬಿಡದೆ ತುಳಿದರೆ ಕಾಲು ತಾನಾಗಿ ಗಟ್ಟಿಯಾಗುತ್ತದೆ. ಹವ್ಯಾಸಿಗಳು ರೇಸಿನಲ್ಲಿ ಅರ್ಧಕ್ಕೇ ನಿಲ್ಲುವುದು ಹೆಚ್ಚಾಗಿ ಹೊಟ್ಟೆ ಕೈಕೊಟ್ಟಾಗ, ಇಲ್ಲವೇ ಕೆಟ್ಟ ಸೈಕಲನ್ನು ಸರಿಮಾಡಲು ಬಾರದಿದ್ದಾಗ.

ರೇಸು ಯಾವುದು?

ದೂರದ ಮೌಂಟನ್ ಬೈಕ್ ರೇಸುಗಳಲ್ಲಿ ಎರಡು ಜಾತಿ. ಒಂದೇ ದಿನದ್ದು ಒಂದು. ಅಮೆರಿಕದ ಕೊಲೊರಾಡೊದಲ್ಲಿ 1994ರಿಂದ ನಡೆಯುತ್ತಿರುವ ಲೆಡ್‌ವಿಲ್ ರೇಸು ಇದಕ್ಕೆ ಹೆಸರುವಾಸಿ: 100 ಮೈಲು, ಅಂದರೆ 160 ಕಿ.ಮೀ. ಆಸುಪಾಸು. ಶುರುವಾಗುವುದೇ 3,000 ಮೀಟರ್ ಎತ್ತರದಲ್ಲಿ. 12 ಗಂಟೆಯೊಳಗೆ ಮುಗಿಸಿದವರಿಗೆ ಬೆಲ್ಟಿನ ಬಕಲ್ ಬಹುಮಾನ. ಇನ್ನೊಂದು ಹಲವು ದಿನಗಳದ್ದು. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್ 2004ರಲ್ಲಿ ಶುರುವಾದದ್ದು, ಎಂಟು ದಿನ, ಇಬ್ಬಿಬ್ಬರ ಜೋಡಿ. ನಮ್ಮಲ್ಲಿ 2005ರಲ್ಲಿ ಆರಂಭವಾದ ಎಂಟಿಬಿ (ಮೌಂಟನ್ ಬೈಕ್) ಹಿಮಾಲಯ ಕೂಡ ಇದೇ ಜಾತಿಯದು. ಒಂದು ದಿನದ ರೇಸಿಗೆ ದಮ್ಮು ಸಾಕು. ಹಲವು ದಿನದ್ದಕ್ಕೆ ರಾತ್ರಿ ನಿದ್ದೆ ಬರಬೇಕು, ಮರುದಿನ ಬೆಳಿಗ್ಗೆ ತಿಂಡಿ ಗಂಟಲಲ್ಲಿ ಇಳಿಯಬೇಕು. ಹೆಸರು ನೋಂದಾಯಿಸುವ ಮೊದಲು ನಲವತ್ತು ದಾಟಿದವರು ವೈದ್ಯರಿಂದ ಎದೆ ತಪಾಸಣೆ ಮಾಡಿಸಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ.

ವಾರದ ಲೆಕ್ಕ

ವಾರದ ನಡುವೆ ಎರಡು ದಿನ ಒಂದೊಂದು ತಾಸು, ಭಾನುವಾರ ಉದ್ದ ಸವಾರಿ. ಆರಂಭಕ್ಕೆ ಇಷ್ಟು ಸಾಕು. ಉದ್ದ ಸವಾರಿಯಲ್ಲಿ ಜೊತೆಗಾರನೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಬರಬೇಕು; ಏದುಸಿರು ಬಂತೆಂದರೆ ವೇಗ ಹೆಚ್ಚಾಯಿತು ಎಂದರ್ಥ. ವಾರದ ನಡುವಿನ ಒಂದು ದಿನ ಮಾತ್ರ ಏರಿನಲ್ಲಿ ಜೋರಾಗಿ ತುಳಿಯಿರಿ. ಪ್ರತಿ ನಾಲ್ಕನೇ ವಾರ ಹೊರೆ ಇಳಿಸಿ. ಕೊನೆಯ ಎರಡು ತಿಂಗಳು ಶನಿವಾರ, ಭಾನುವಾರ ಎರಡೂ ದಿನ ಉದ್ದ ಸವಾರಿ ಮಾಡಿ. ದಣಿದ ಕಾಲಿನಲ್ಲಿ ತುಳಿಯುವುದು ಅಭ್ಯಾಸವಾಗುವುದು ಆ ಭಾನುವಾರಗಳಲ್ಲೇ.

ಕಿಲೊಮೀಟರ್ ಎಣಿಸಬೇಡಿ, ಏರಿದ ಮೀಟರ್ ಎಣಿಸಿ. ಸಪಾಟು ಹೆದ್ದಾರಿಯಲ್ಲಿ ಕಿತ್ತೂರಿಗೆ ಹೋಗಿ ಬಂದದ್ದು ಬೆಟ್ಟದ ರೇಸಿಗೆ ಹೆಚ್ಚೇನೂ ಕಲಿಸುವುದಿಲ್ಲ. ರಾಜಹಂಸಗಡವನ್ನೇ ಮತ್ತೆ ಮತ್ತೆ ಹತ್ತಿಳಿಯಿರಿ. ಚೋರ್ಲಾ ಘಾಟಿನಲ್ಲಿ ಗೋವಾ ಕಡೆಗೆ ಇಳಿದು ತಿರುಗಿ ಹತ್ತಿದರೆ ಒಳ್ಳೆಯ ಪಾಠ. ಲಾರಿ, ಕಾರುಗಳ ಕಾಟ ತಪ್ಪಬೇಕೆಂದರೆ ಬೆಳಕು ಹರಿಯುವಾಗಲೇ ಅಲ್ಲಿರಬೇಕು.

ನೆಲದ ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು. ಪಶ್ಚಿಮಕ್ಕೆ ಖಾನಾಪುರ, ಜಾಂಬೋಟಿ ಕಡೆ ಕೆಂಪು ಜಂಬಿಟ್ಟಿಗೆ ನೆಲ; ಮಳೆ ನಿಂತರೆ ಬೇಗ ಬಸಿಯುತ್ತದೆ, ಆದರೆ ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ ಕಡೆ ಎರೆ ಹೊಲ. ಬೇಸಿಗೆಯಲ್ಲಿ ಬಂಡಿ ದಾರಿ ಸಿಮೆಂಟಿನಷ್ಟು ಗಟ್ಟಿ, ಬಿರುಕು ಬಿಟ್ಟ ನೆಲದಲ್ಲಿ ಹ್ಯಾಂಡಲ್ ಹಿಡಿಯುವುದೇ ಕೈಗೆ ಕಸರತ್ತು. ಮಳೆಗಾಲದಲ್ಲಿ ಮಾತ್ರ ಅತ್ತ ತಲೆ ಹಾಕಬೇಡಿ. ಎರೆ ಮಣ್ಣು ಟೈರಿಗೆ ಮೆತ್ತಿಕೊಂಡು ಫ್ರೇಮಿನ ಸಂದಿ ತುಂಬಿದರೆ ಗಾಲಿ ಉರುಳುವುದಿಲ್ಲ, ಸೈಕಲ್ ನಿಮ್ಮ ಹೆಗಲೇರುತ್ತದೆ. ಖಾನಾಪುರ ಕಡೆಯ ಕಾಡು ದಾರಿಗಳಲ್ಲಿ ಭೀಮಗಡ ವನ್ಯಜೀವಿಧಾಮದ ಗಡಿ ಬರುತ್ತದೆ. ಅಪ್ಪಣೆ ಇಲ್ಲದೆ ಒಳಗೆ ನುಗ್ಗಬೇಡಿ.

ಕೈಗೆ ಕೆಲಸ ಕಲಿಸಿ

ಇಳಿಜಾರಿನಲ್ಲಿ ಹೊಸಬರು ಬ್ರೇಕನ್ನು ಮೇಲಿನಿಂದ ಕೆಳಗಿನವರೆಗೂ ಒಂದೇ ಸಮ ಹಿಡಿದಿರುತ್ತಾರೆ. ಡಿಸ್ಕ್ ಕಾದು ಹಿಡಿತ ಸಡಿಲಾಗುತ್ತದೆ, ಅಷ್ಟರಲ್ಲಿ ಮುಂಗೈ ಸೆಟೆದು ಬೆರಳು ಮಾತು ಕೇಳುವುದಿಲ್ಲ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ಬ್ರೇಕಿಗೆ ಒಂದೇ ಬೆರಳು, ಉಳಿದವು ಹ್ಯಾಂಡಲ್ ಮೇಲೆ. ಹಿಮ್ಮಡಿ ಕೆಳಗೆ, ಕಣ್ಣು ಮುಂದಿನ ತಿರುವಿನ ಮೇಲೆ. ಗಾಲಿಯ ಮುಂದಿರುವ ಕಲ್ಲನ್ನೇ ದಿಟ್ಟಿಸಿದರೆ ಸೈಕಲ್ ಆ ಕಲ್ಲಿಗೇ ಹೋಗಿ ಗುದ್ದುತ್ತದೆ.

ಗಾಳಿಯ ವಿಷಯ. ಟೈರು ಕಲ್ಲಾದಷ್ಟೂ ಸೈಕಲ್ ಓಡುತ್ತದೆ ಎಂಬುದು ಡಾಂಬರು ರಸ್ತೆಯ ಮಾತು. ಎಪ್ಪತ್ತು ಕಿಲೊ ತೂಕದವರು ಎರಡೂಕಾಲು ಇಂಚಿನ ಟ್ಯೂಬ್‌ಲೆಸ್ ಟೈರಿಗೆ 20ರಿಂದ 24 ಪಿಎಸ್‌ಐ (ಪಂಪಿನ ಮೀಟರು ತೋರಿಸುವ ಒತ್ತಡದ ಅಳತೆ) ಗಾಳಿ ಹಾಕಿ ನೋಡಲಿ. ನಮ್ಮ ಕಡೆ ಜಾಲಿ ಮುಳ್ಳಿನ ಕಾಟ ಇರುವುದರಿಂದ ಟ್ಯೂಬ್‌ಲೆಸ್ ಬೇಕೇ ಬೇಕು. ಒಳಗಿನ ಸೀಲಂಟ್, ಅಂದರೆ ಸಣ್ಣ ತೂತು ಮುಚ್ಚುವ ದ್ರವ, ನಮ್ಮ ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ತೆರೆದು ನೋಡಿ. ದೊಡ್ಡ ತೂತಾಗಿ, ಅದಕ್ಕೆ ತುರುಕುವ ರಬ್ಬರಿನ ಪ್ಲಗ್ಗೂ ನಿಲ್ಲದಿದ್ದರೆ ಟ್ಯೂಬ್ ಹಾಕಬೇಕು. ಹಾಕುವ ಮೊದಲು ಟೈರಿನ ಒಳಮೈ ಪೂರ್ತಿ ಬೆರಳಾಡಿಸಿ. ಸೀಲಂಟ್ ಮುಚ್ಚಿಹಾಕಿದ ಹಳೆಯ ಮುಳ್ಳುಗಳೆಲ್ಲ ಅಲ್ಲೇ ಇರುತ್ತವೆ. ಅವನ್ನು ಕೀಳದೆ ಹಾಕಿದ ಹೊಸ ಟ್ಯೂಬು ಹತ್ತು ನಿಮಿಷಕ್ಕೆ ಠುಸ್!

ಏರಿನಲ್ಲಿ ಜೋರಾಗಿ ತುಳಿಯುತ್ತಲೇ ಗೇರು ಬದಲಿಸುವವರ ಚೈನು ತುಂಡಾಗುವುದು ಹೆಚ್ಚು. ಜೋಡಿಸುವುದು ಹೀಗೆ: ಮುರಿದ ಕೊಂಡಿಯ ಪಿನ್ನನ್ನು ಚೈನ್ ಟೂಲಿನಿಂದ ತಳ್ಳಿ ತೆಗೆಯಿರಿ. ಎರಡೂ ತುದಿಯಲ್ಲಿ ಒಳಗಿನ ಸಣ್ಣ ಕೊಂಡಿಗಳೇ ಉಳಿಯಬೇಕು. ಒಂದು ತುದಿ ಅಗಲದ್ದು ಉಳಿದರೆ ಕ್ವಿಕ್ ಲಿಂಕ್ (ಚೈನಿನ ತುದಿಗಳನ್ನು ಕೂಡಿಸುವ ಬಿಡಿ ಕೊಂಡಿ) ಕೂರುವುದಿಲ್ಲ. ಲಿಂಕಿನ ಎರಡು ಹೋಳನ್ನು ಎದುರುಬದುರು ತೂರಿಸಿ. ಹಿಂದಿನ ಗಾಲಿ ಎತ್ತಿ, ಲಿಂಕು ಚೈನಿನ ಮೇಲ್ಸಾಲಿಗೆ ಬರುವಂತೆ ಪೆಡಲನ್ನು ಕೈಯಿಂದ ನಿಧಾನ ತಿರುಗಿಸಿ, ಆಮೇಲೆ ಗಾಲಿ ನೆಲಕ್ಕಿಟ್ಟು ಹಿಂದಿನ ಬ್ರೇಕ್ ಹಿಡಿದು ಪೆಡಲ್ ಮೇಲೆ ಮೈಭಾರ ಹಾಕಿ. ಟಕ್ ಅಂದರೆ ಕೂತಿತು. ಹನ್ನೆರಡು ಗೇರಿನ ಚೈನಿಗೆ ಹನ್ನೆರಡರದ್ದೇ ಲಿಂಕು ಬೇಕು. ಮನೆಯ ಅಂಗಳದಲ್ಲಿ ಹಳೆಯ ಚೈನನ್ನು ಬೇಕೆಂದೇ ತುಂಡರಿಸಿ ಜೋಡಿಸುತ್ತ ಕೂತುಕೊಳ್ಳಿ. ಮನೆಯವರು ನಗಲಿ ಬಿಡಿ.

ಹಿಂದಿನ ಡಿರೇಲರನ್ನು (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಕೂಡ ಒಂದು ಹೆಚ್ಚುವರಿ ಇರಲಿ. ಬಲಮಗ್ಗುಲಿಗೆ ಬಿದ್ದರೆ ಬಾಗುವುದೇ ಅದು. ಸೈಕಲಿನ ಮಾದರಿಗೊಂದು ಆಕಾರ, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಹಿಮಾಚಲದ ಹಳ್ಳಿಯಲ್ಲಿ ಹುಡುಕಿದರೆ ಸಿಗುವ ವಸ್ತುವಲ್ಲ, ಈಗಲೇ ತರಿಸಿ.

ಹೊಟ್ಟೆ

ಮೂರು ತಾಸು ಮೀರಿದ ಸವಾರಿಗೆ ತಾಸಿಗೆ ಸುಮಾರು 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಇರುವುದು 25 ಗ್ರಾಂ ಆಸುಪಾಸು, ಅಂದರೆ ಬಾಳೆಹಣ್ಣೊಂದರಿಂದಲೇ ಪೂರೈಸುವ ಬಾಬತ್ತಲ್ಲ. ಹತ್ತು ಗ್ರಾಂ ಬೆಲ್ಲದ ಚೂರು, ಖರ್ಜೂರ, ಉಪ್ಪು ಹಚ್ಚಿದ ಬೇಯಿಸಿದ ಬಟಾಟೆ ಬೆರೆಸಿ. ಜೆಲ್ ತಿನ್ನುವವರು ತಿನ್ನಲಿ, ಆದರೆ ರೇಸಿನ ದಿನ ಮೊದಲ ಬಾರಿಗೆ ಯಾವುದನ್ನೂ ಬಾಯಿಗಿಡಬಾರದು. ಭಾನುವಾರಗಳಲ್ಲಿ ಹೊಟ್ಟೆಗೂ ತಾಲೀಮು ಕೊಡಿ. ಮೊದಮೊದಲು ತಾಸಿಗೆ 30 ಗ್ರಾಂ, ಆಮೇಲೆ ಏರಿಸುತ್ತ ಹೋಗಿ. ಹಸಿವಾದ ಮೇಲೆ ತಿನ್ನುತ್ತೇನೆ ಎಂದರೆ ತಡವಾಯಿತು. ಇಪ್ಪತ್ತು ನಿಮಿಷಕ್ಕೊಂದು ತುತ್ತು.

ಗೋಕಾಕದ ಕರದಂಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಲ್ಲ ಇದೆ, ಅಂಟು ಇದೆ, ಒಣಹಣ್ಣುಗಳಿವೆ. ಆದರೆ ತುಪ್ಪ, ಬೀಜಗಳ ಕೊಬ್ಬು ಅರಗಲು ಹೊತ್ತು ಬೇಕು. ನಿಧಾನದ ಮೊದಲ ತಾಸಿಗೆ ಒಂದು ತುಂಡು ಸರಿ, ಕಡಿದಾದ ಏರಿನ ಮೊದಲು ಬೇಡ. ಕುಂದಾ ರೇಸು ಮುಗಿದ ಮೇಲೆ. ಹಿಂದಿನ ದಿನ ರೊಟ್ಟಿ, ಕಾಳು ಪಲ್ಯ ಕಡಿಮೆ ಮಾಡಿ ಅನ್ನ ಹೆಚ್ಚು ಉಣ್ಣಿ. ನಾರಿನಂಶ ಅಂದು ನಿಮಗೆ ಸಹಾಯಕ್ಕೆ ಬರುವುದಿಲ್ಲ.

ನೀರು ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್. ಬರೀ ನೀರನ್ನೇ ಗಟಗಟ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತೀತು. ಒಂದು ಬಾಟಲಿಯಲ್ಲಾದರೂ ಒಆರ್‌ಎಸ್ ಇರಲಿ. ಲೀಟರಿನ ಪೊಟ್ಟಣವನ್ನು ಲೀಟರಿಗೇ ಕಲಸಿ, ಅರ್ಧ ಬಾಟಲಿಗೆ ಸುರಿಯಬೇಡಿ.

ಎತ್ತರ, ಪ್ರಯಾಣ, ಕೊನೆಯ ವಾರ

ನಮಗೆ ಇಲ್ಲಿ ಸಿಗದ್ದು ಒಂದೇ, ಎತ್ತರ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್, ಶಿಮ್ಲಾ 2,200. ಜಲೋರಿ ಪಾಸ್‌ನಂಥ ಕಣಿವೆದಾರಿ 3,100 ಮೀಟರ್ ದಾಟುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ. ಇಲ್ಲಿ ಎಷ್ಟು ತುಳಿದರೂ ಅದಕ್ಕೆ ತಾಲೀಮು ಸಿಗದು. ಮೂರ್ನಾಲ್ಕು ದಿನ ಮುಂಚೆ ಹೋಗಿ ಉಳಿಯಿರಿ, ಏರಿನಲ್ಲಿ ಇಲ್ಲಿನ ವೇಗವನ್ನು ಮರೆತುಬಿಡಿ. ತಲೆನೋವಿನ ಜೊತೆ ವಾಂತಿ ಬಂದರೆ, ನಡಿಗೆ ತಡವರಿಸಿದರೆ ರೇಸು ಬಿಟ್ಟು ಕೆಳಗಿಳಿಯಿರಿ.

ಕೊನೆಯ ಎರಡು ವಾರ ಸವಾರಿಯ ಹೊತ್ತನ್ನು ಅರ್ಧಕ್ಕೆ ಇಳಿಸಿ. ಜೋರಿನ ತುಳಿತ ಚೂರುಚೂರು ಇರಲಿ. ಹೊಸ ಶೂ, ಹೊಸ ಸೀಟು ಈಗ ಬೇಡ. ಚೈನು ಸವೆದಿದ್ದರೆ ಬದಲಿಸಿ, ಬ್ರೇಕ್ ಪ್ಯಾಡ್ ಹೊಸದು ಹಾಕಿ ಹಳಗಿಸಿ, ಇನ್ನೊಂದು ಜೊತೆ ಚೀಲದಲ್ಲಿ ಇಟ್ಟುಕೊಳ್ಳಿ.

ಸೈಕಲನ್ನು ಪೆಟ್ಟಿಗೆಗೆ ಹಾಕುವಾಗ ಪೆಡಲ್ ಬಿಚ್ಚಿ. ಎಡಗಡೆಯದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ, ಇದು ತಿಳಿಯದೆ ಸ್ಪ್ಯಾನರ್ ಮುರಿದವರಿದ್ದಾರೆ. ಗಾಲಿ ತೆಗೆದ ಕೂಡಲೇ ಎರಡು ಬ್ರೇಕ್ ಪ್ಯಾಡ್‌ಗಳ ನಡುವೆ ದಪ್ಪ ರಟ್ಟಿನ ಚೂರು ಸಿಕ್ಕಿಸಿ. ದಾರಿಯಲ್ಲಿ ಯಾರಾದರೂ ಬ್ರೇಕ್ ಹಿಡಿದರೆ ಪ್ಯಾಡುಗಳು ಕೂಡಿಕೊಂಡು ಡಿಸ್ಕ್ ಒಳಗೆ ಹೋಗುವುದಿಲ್ಲ. ಹ್ಯಾಂಗರ್ ಬಾಗದಂತೆ ಡಿರೇಲರನ್ನು ಬಿಚ್ಚಿ, ಬಟ್ಟೆ ಸುತ್ತಿ ಫ್ರೇಮಿನ ಒಳಗಡೆ ಕಟ್ಟಿ. ಚಪ್ಪಟೆ ಬೆಂಕಿಪೊಟ್ಟಣದಷ್ಟೂ ಜಾಗ ಹಿಡಿಯದ ಆ ಹೆಚ್ಚುವರಿ ಹ್ಯಾಂಗರ್, ಹೆಲ್ಮೆಟ್ಟು, ಶೂ ಮಾತ್ರ ಪೆಟ್ಟಿಗೆಯಲ್ಲಿ ಬೇಡ, ನಿಮ್ಮ ಹೆಗಲ ಚೀಲದಲ್ಲೇ ಇರಲಿ. ಪೆಟ್ಟಿಗೆ ತಡವಾಗಿ ಬಂದರೆ ಸೈಕಲ್ ಎರವಲು ಸಿಕ್ಕೀತು, ಕಾಲಿಗೆ ಒಗ್ಗಿದ ಶೂ ಸಿಗುವುದಿಲ್ಲ.