ಮೊದಲು ನೀರಿಗೆ ದಾರಿ, ಆಮೇಲೆ ಊರಿಗೆ: ಎರೆಸೀಮೆಯಲ್ಲಿ ಹಳ್ಳಿ ರಸ್ತೆಗಳ ಯೋಜನೆ ಹೀಗಿರಲಿ

ನರಗುಂದ, ನವಲಗುಂದ, ರೋಣದ ಕಡೆಯ ಎರೆಭೂಮಿಯಲ್ಲಿ ಹೊಸ ಡಾಂಬರು ಕಂಡ ರಸ್ತೆ ಎರಡು ಮೂರು ಮಳೆಗಾಲಗಳಲ್ಲೇ ಅಲೆಅಲೆಯಾಗಿ ಏಳುವುದನ್ನು, ಅಂಚು ಕಿತ್ತು ಬಂಡಿ ದಾರಿಯಾಗುವುದನ್ನು ಕಂಡವರು ಮೊದಲು ಬೈಯುವುದು ಗುತ್ತಿಗೆದಾರರನ್ನು. ಆ ಬೈಗುಳಕ್ಕೆ ಎಷ್ಟೋ ಸಲ ಕಾರಣವೂ ಇರುತ್ತದೆ. ಆದರೆ ಒಳ್ಳೆಯ ಡಾಂಬರನ್ನೇ ಹಾಕಿದ ರಸ್ತೆಗಳೂ ಇಲ್ಲಿ ಕೆಡುತ್ತವೆ, ಏಕೆಂದರೆ ನೀರು ಹೋಗುವ ದಾರಿಯನ್ನು ಯಾರೂ ಯೋಚಿಸಿರುವುದಿಲ್ಲ. ಒಂದು ತಾಲ್ಲೂಕಿನ ರಸ್ತೆಗಳಿಗೆ ಯೋಜನೆ ಮಾಡಹೊರಟ ಪಂಚಾಯಿತಿ ಸದಸ್ಯರು ಮತ್ತು ಕಿರಿಯ ಎಂಜಿನಿಯರುಗಳು ಈ ಕ್ರಮ ಹಿಡಿದರೆ ಅರ್ಧ ತೊಂದರೆ ಕಾಗದದ ಮೇಲೆಯೇ ತಪ್ಪುತ್ತದೆ.

1. ಯಾವ ರಸ್ತೆ ಯಾರದು ಎಂದು ಬರೆಯಿರಿ

ತಾಲ್ಲೂಕಿನ ನಕ್ಷೆಯಲ್ಲಿ ಪ್ರತಿ ರಸ್ತೆಯ ಪಕ್ಕ ಅದರ ಹೊಣೆ ಯಾರದೆಂದು ಬರೆದಿಡಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ಹಳ್ಳಿ ರಸ್ತೆಗಳನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆ ನೋಡಿಕೊಳ್ಳುತ್ತದೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಕಾಮಗಾರಿ ಮುಗಿದ ದಿನಾಂಕವನ್ನೂ ಬರೆಯಿರಿ. ಅಂದಿನಿಂದ 5 ವರ್ಷ ನಿರ್ವಹಣೆಯ ಹೊಣೆ ಅದೇ ಗುತ್ತಿಗೆದಾರರದು ಎಂಬುದು ಕರಾರಿನಲ್ಲೇ ಸೇರಿರುತ್ತದೆ. ಆ ಅವಧಿಯೊಳಗೆ ಪಂಚಾಯಿತಿಯ ಹಣದಿಂದ ಗುಂಡಿ ಮುಚ್ಚಿಸಿದರೆ ಒಂದೇ ಕೆಲಸಕ್ಕೆ ಎರಡು ಸಲ ಹಣ ಕೊಟ್ಟಂತಾಗುತ್ತದೆ.

2. ಎಲ್ಲ ರಸ್ತೆಗಳನ್ನೂ ಉಳಿಸಲು ಹೊರಡಬೇಡಿ

2000ದ ಡಿಸೆಂಬರ್ 25ರಂದು ಆರಂಭವಾದ ಗ್ರಾಮ ಸಡಕ್ ಯೋಜನೆಯ ತಿರುಳು ಸರಳವಾಗಿದೆ. ಬಯಲುಸೀಮೆಯಲ್ಲಿ 500ಕ್ಕಿಂತ ಹೆಚ್ಚು ಜನರಿರುವ ಪ್ರತಿ ಜನವಸತಿಗೆ ಎಲ್ಲ ಕಾಲದಲ್ಲೂ ಓಡಾಡಬಹುದಾದ ಒಂದು ಸಂಪರ್ಕ ಇರಬೇಕು, ಆ ಒಂದು ಸಂಪರ್ಕಕ್ಕೆ ಬೇಕಾದಷ್ಟೇ ರಸ್ತೆಗಳು ಮೂಲ ಜಾಲವಾಗಬೇಕು. ಒಂದೇ ಊರಿಗೆ ಮೂರು ಕಡೆಯಿಂದ ಅರೆಬರೆ ರಸ್ತೆ ಮಾಡುವುದಕ್ಕಿಂತ ಒಂದನ್ನು ಗಟ್ಟಿಯಾಗಿ ಮಾಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದ ಎರಡು ದಾರಿಗಳಿಗೆ ಗರಸು ಹಾಕಿಸಿ, ಹೊಲದ ದಾರಿಗಳಾಗಿಯೇ ಇರಲು ಬಿಡಿ. ಮೂಲ ಜಾಲದೊಳಗೂ ಸಂತೆ ಅಥವಾ ಎಪಿಎಂಸಿ, ಪ್ರೌಢಶಾಲೆ, ಪದವಿಪೂರ್ವ ಕಾಲೇಜು, ಆಸ್ಪತ್ರೆಗಳ ಕಡೆ ಹೋಗುವ ರಸ್ತೆಗಳಿಗೆ ಆದ್ಯತೆ ಕೊಡಿ. 2019ರಲ್ಲಿ ಒಪ್ಪಿಗೆ ಪಡೆದ ಇದೇ ಯೋಜನೆಯ ಮೂರನೆಯ ಹಂತವೂ ಇದನ್ನೇ ಆಧಾರವಾಗಿಟ್ಟುಕೊಂಡಿದೆ.

3. ಸಮೀಕ್ಷೆ ಮಳೆಯಲ್ಲೇ ಆಗಲಿ

ಏಪ್ರಿಲ್ ಬಿಸಿಲಿನಲ್ಲಿ ಎರೆಭೂಮಿಯ ರಸ್ತೆ ಕಲ್ಲಿನಷ್ಟು ಗಟ್ಟಿಯಾಗಿ ಕಾಣುತ್ತದೆ, ಅದನ್ನು ನಂಬಿ ಬರೆದ ಅಂದಾಜು ಪಟ್ಟಿ ಮೊದಲ ದೊಡ್ಡ ಮಳೆಗೇ ಸುಳ್ಳಾಗುತ್ತದೆ. ಉತ್ತರ ಒಳನಾಡಿನಲ್ಲಿ ಸೆಪ್ಟೆಂಬರ್ ದೊಡ್ಡ ಮಳೆಯ ತಿಂಗಳಾದ್ದರಿಂದ ರಸ್ತೆ ನೋಡಲು ಅದೇ ಸರಿಯಾದ ಕಾಲ. ಯೋಜನಾ ವರದಿ ಅಂತಿಮವಾಗುವ ಮುನ್ನ ಊರವರೊಂದಿಗೆ ರಸ್ತೆಯುದ್ದಕ್ಕೂ ನಡೆದು ನೋಡಬೇಕೆಂದು ಗ್ರಾಮ ಸಡಕ್ ಯೋಜನೆಯ ನಿಯಮವೇ ಹೇಳುತ್ತದೆ. ಜೀಪಿನಲ್ಲಿ ಕೂತು ಆ ನಡಿಗೆಯನ್ನು ಮುಗಿಸುವ ಅಡ್ಡದಾರಿ ಎಲ್ಲರಿಗೂ ಗೊತ್ತು. ನೀವು ಅದನ್ನು ಹಿಡಿಯಬೇಡಿ. ಹಳ್ಳ ಎಲ್ಲಿಯವರೆಗೆ ಏರುತ್ತದೆ, ಯಾವ ಹೊಲದ ನೀರು ಎಲ್ಲಿ ರಸ್ತೆ ದಾಟುತ್ತದೆ ಎಂದು ಅಲ್ಲಿ ಉಳುವವರನ್ನು ಕೇಳಿ ನಕ್ಷೆಯಲ್ಲಿ ಗುರುತು ಹಾಕಿ. ಬೆಣ್ಣಿಹಳ್ಳದ ಆಸುಪಾಸಿನಲ್ಲಿ ಬೇಸಾಯ ಮಾಡುವವರಿಗೆ ತಿಳಿದಿರುವ ಪ್ರವಾಹದ ಮಟ್ಟ ಯಾವ ಕಡತದಲ್ಲೂ ಅಷ್ಟು ನಿಖರವಾಗಿ ಸಿಗುವುದಿಲ್ಲ.

4. ನೀರಿನ ಕೆಲಸ

ಬಹುಪಾಲು ರಸ್ತೆಗಳು ಸೋಲುವುದು ಇಲ್ಲಿಯೇ, ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಿ.

ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ರಸ್ತೆಯ ನಡುಭಾಗದ ಮಣ್ಣು ಡಾಂಬರಿನ ಕೆಳಗೆ ಹೆಚ್ಚುಕಡಿಮೆ ಒಂದೇ ತೇವದಲ್ಲಿ ಇರುತ್ತದೆ, ಅಂಚಿನ ಮಣ್ಣು ಮಾತ್ರ ಪ್ರತಿ ವರ್ಷ ನೆನೆದು ಒಣಗುತ್ತದೆ. ಅಂಚಿನಲ್ಲಿ ಉದ್ದುದ್ದ ಬಿರುಕು ಮೊದಲು ಕಾಣುವುದು ಇದರಿಂದಲೇ. ಮಣ್ಣಿನ ತಾಕತ್ತನ್ನು ಅಳೆಯುವ ಸಿಬಿಆರ್ ಪರೀಕ್ಷೆಯನ್ನು ಮಾದರಿಯನ್ನು 4 ದಿನ ನೀರಿನಲ್ಲಿ ನೆನೆಸಿಯೇ ಮಾಡಿಸಿ. ನೆನೆದ ಎರೆಮಣ್ಣಿನಲ್ಲಿ ಅದು ಸುಮಾರು 2 ಪ್ರತಿಶತಕ್ಕೆ ಇಳಿಯುವುದು ಸಾಮಾನ್ಯ. ಅಂಥ ಮಣ್ಣಿನ ಮೇಲೆ ನೇರವಾಗಿ ಜಲ್ಲಿ ಹಾಸಿದರೆ ಜಲ್ಲಿ ಕೆಳಗಿಳಿಯುತ್ತದೆ, ಮಣ್ಣು ಮೇಲೇರುತ್ತದೆ. ಆದ್ದರಿಂದ ರಸ್ತೆಯ ಪೂರ್ತಿ ಅಗಲಕ್ಕೆ, ಅಂದರೆ ಅಂಚಿನಿಂದ ಅಂಚಿಗೆ, ಜಿಗುಟಿಲ್ಲದ ಗರಸು ಅಥವಾ ದಪ್ಪ ಮರಳಿನ ಸುಮಾರು 225 ಮಿ.ಮೀ ಪದರ ಹಾಸಿ ರೋಲರ್ ಹೊಡೆಸಬೇಕು. ಡಾಂಬರಿನ ಅಗಲಕ್ಕಷ್ಟೇ ಹಾಸಿ ಪಕ್ಕದಲ್ಲಿ ಎರೆಮಣ್ಣನ್ನೇ ತುಂಬುವುದು ಹಣ ಉಳಿಸುವ ಉಪಾಯದಂತೆ ಕಾಣುತ್ತದೆ. ಆದರೆ ಹಾಗೆ ಮಾಡಿದಾಗ ಆ ಪದರ ಹೊರದಾರಿಯಿಲ್ಲದ ತೊಟ್ಟಿಯಾಗಿ, ಬಂದ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಗರಸು ದೂರವಿದ್ದರೆ ಸುಣ್ಣ ಬೆರೆಸಿ ಎರೆಮಣ್ಣಿನ ಜಿಗುಟು ಇಳಿಸಬಹುದು, ಅದು ಪರೀಕ್ಷಿತ ವಿಧಾನ. ಆದರೆ ಗೋದಾಮಿನಲ್ಲಿ ಬಾಯಿ ತೆರೆದು ಬಹುಕಾಲ ಬಿದ್ದಿದ್ದ ಸುಣ್ಣ ಗಾಳಿ ಕುಡಿದು ಸತ್ವ ಕಳೆದುಕೊಂಡಿರುತ್ತದೆ, ಅದನ್ನು ಹಿಂದಕ್ಕೆ ಕಳಿಸಿ. ಎರೆಮಣ್ಣನ್ನು ಕಲ್ಲಾಗಿಸುತ್ತೇವೆಂದು ಕ್ಯಾನುಗಳಲ್ಲಿ ದ್ರಾವಣ ಮಾರುವವರೂ ಬರುತ್ತಾರೆ. ನಿಮ್ಮ ಊರಿನ ಮಣ್ಣಿನಲ್ಲೇ, 4 ದಿನ ನೆನೆಸಿದ ಮಾದರಿಯ ಫಲಿತಾಂಶ ತೋರಿಸಿ ಎಂದು ಅವರನ್ನು ಕೇಳಿ. ಒಣ ಮಾದರಿಯ ಅಂಕಿ ತೋರಿಸಿದರೆ ಚಹಾ ಕೊಟ್ಟು ಕಳಿಸಿಬಿಡಿ.

ಮುಂದಿನದು ಮೇಲ್ಮೈಯ ಇಳಿಜಾರು. ತೆಳು ಡಾಂಬರಿನ ಹಳ್ಳಿ ರಸ್ತೆಗೆ ಕಡಿಮೆ ಮಳೆಯ ಪ್ರದೇಶದಲ್ಲಿ ನಡುವಿನಿಂದ ಎರಡೂ ಬದಿಗೆ 3 ಪ್ರತಿಶತ ಇಳಿಜಾರು ಬೇಕು. ರಸ್ತೆಯ ಅಗಲ 3.75 ಮೀಟರ್ ಎಂದಾದರೆ ನಡುಭಾಗ ಅಂಚಿಗಿಂತ ಐದೂವರೆ ಸೆಂಟಿಮೀಟರಿನಷ್ಟು ಎತ್ತರ ಇರಬೇಕಾಗುತ್ತದೆ. ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಒಂದು ದಾರವನ್ನು ನಡುಭಾಗಕ್ಕೆ ತಾಗಿಸಿ ಮಟ್ಟವಾಗಿ ಎಳೆದು, ಅಂಚಿನಲ್ಲಿ ಸ್ಕೇಲ್ ಹಿಡಿದರೆ ಸಾಕು. ಅಂಚಿನಾಚೆ ಎಂಜಿನಿಯರುಗಳು ಶೋಲ್ಡರ್ ಎನ್ನುವ ಮಣ್ಣಿನ ಭಾಗ ಡಾಂಬರಿಗಿಂತ ಇನ್ನೂ ತುಸು ಕಡಿದಾಗಿ ಇಳಿಯಬೇಕು. ಕೆಲವು ವರ್ಷಗಳಲ್ಲಿ ದೂಳು, ಹುಲ್ಲು, ಬಳ್ಳಾರಿ ಜಾಲಿ ಬೆಳೆದು ಈ ಭಾಗ ಡಾಂಬರಿಗಿಂತ ಎತ್ತರವಾಗುತ್ತದೆ, ಮಳೆನೀರು ರಸ್ತೆಯ ಮೇಲೆಯೇ ನಿಲ್ಲುತ್ತದೆ. ಅಂಥ ರಸ್ತೆಗೆ ಬೇಕಾದದ್ದು ಅಂಚು ಕೆತ್ತುವ ಕೂಲಿಯವರು. ಮರುಡಾಂಬರಿನ ಪ್ರಸ್ತಾವ ಆಮೇಲೆ ಬರಲಿ.

ಚರಂಡಿಯ ಶತ್ರುಗಳು ಬಹುಮಟ್ಟಿಗೆ ನಾವೇ. ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಲು ರೈತರು ಚರಂಡಿಗೆ ನಾಲ್ಕು ಬುಟ್ಟಿ ಮಣ್ಣು ಸುರಿಯುತ್ತಾರೆ. ಅವರಿಗೆ ಬೇರೆ ದಾರಿಯನ್ನು ನಾವು ಕೊಟ್ಟಿರುವುದಿಲ್ಲ. ಯೋಜನೆಯಲ್ಲೇ ಪ್ರತಿ ಹೊಲದ ಬಾಯಿಗೆ ಪೈಪು ಸೇರಿಸಿ. ಅದರ ಖರ್ಚು ರಸ್ತೆಯ ಖರ್ಚಿನ ಮುಂದೆ ಅಲ್ಪ. ರಸ್ತೆ ದಾಟುವ ಮೋರಿಗೆ ಮಾತ್ರ 1000 ಮಿ.ಮೀ ವ್ಯಾಸಕ್ಕಿಂತ ಸಣ್ಣ ಪೈಪು ಒಪ್ಪಬೇಡಿ, ಏಕೆಂದರೆ ಅದರೊಳಗೆ ಮನುಷ್ಯ ನುಗ್ಗಿ ಹೂಳೆತ್ತಲಾಗುವುದಿಲ್ಲ, ಹೂಳೆತ್ತದ ಮೋರಿ ನೀರಿಗೆ ಅಡ್ಡಗಟ್ಟಿದ ಒಡ್ಡು. ಮೋರಿಯಿಂದ ಹೊರಬಂದ ನೀರು ಯಾರ ಹೊಲಕ್ಕೆ ಬೀಳುತ್ತದೆ ಎಂಬುದನ್ನೂ ನೋಡಿ, ಹಳ್ಳದವರೆಗೆ ಕಾಲುವೆ ತೋಡಿಸಿ. ಇಲ್ಲದಿದ್ದರೆ ಆ ಹೊಲದವರು ಒಂದು ರಾತ್ರಿ ಮೋರಿಯ ಬಾಯಿಗೆ ಕಲ್ಲು ತುಂಬುತ್ತಾರೆ. ಊರೊಳಗಿನ ತುಂಡಿಗೆ, ಬಚ್ಚಲ ನೀರು ತಪ್ಪದ ಕಾರಣ, ಕಾಂಕ್ರೀಟನ್ನೇ ಆರಿಸಿ.

5. ಮೇಲಿನ ಪದರ

ದಪ್ಪವನ್ನು ಎಂಜಿನಿಯರು ಲೆಕ್ಕ ಹಾಕುತ್ತಾರೆ. ನೀವು ಒಂದನ್ನು ಮಾತ್ರ ಕೇಳಿ ಪಡೆಯಿರಿ: 20 ಮಿ.ಮೀ ಪ್ರೀಮಿಕ್ಸ್ ಕಾರ್ಪೆಟ್, ಅಂದರೆ ಡಾಂಬರು ಬೆರೆಸಿದ ಸಣ್ಣ ಜಲ್ಲಿಯ ಪದರ, ಹಾಕಿದ ಮೇಲೆ ಅದರ ರಂಧ್ರ ಮುಚ್ಚುವ ತೆಳು ಲೇಪವಾದ ಸೀಲ್ ಕೋಟ್ ಆಗಲೇಬೇಕು. ಆ ಕಾರ್ಪೆಟ್ ರಂಧ್ರಗಳಿರುವ ಪದರ, ಸೀಲ್ ಕೋಟ್ ಇಲ್ಲದೆ ನೀರು ನೇರ ಒಳಗಿಳಿಯುತ್ತದೆ. ಮೇಲಿನಿಂದ ಕಪ್ಪಗೆ ಕಾಣುವುದರಿಂದ ಇದನ್ನು ಬಿಟ್ಟು ಬಿಲ್ ಮಾಡುವುದು ಸುಲಭ.

6. ಗುಂಡಿ ಮುಚ್ಚುವುದು

ನೀರು ನಿಂತ ಗುಂಡಿಗೆ ಜಲ್ಲಿಪುಡಿ ಸುರಿದು ಹೋಗುವುದು ದುರಸ್ತಿಯಾಗುವುದಿಲ್ಲ. ಗಟ್ಟಿ ಡಾಂಬರು ಸಿಗುವವರೆಗೆ ಗುಂಡಿಯನ್ನು ಚೌಕವಾಗಿ, ಗೋಡೆಗಳು ನೇರವಾಗಿ ನಿಲ್ಲುವಂತೆ ಕತ್ತರಿಸಿ, ತಳದ ಕೆಸರು ತೆಗೆದು ಒಣಗಿಸಿ, ತಳಕ್ಕೂ ಗೋಡೆಗಳಿಗೂ ಟ್ಯಾಕ್ ಕೋಟ್ ಎಂಬ ಅಂಟುವ ತೆಳು ಡಾಂಬರು ಬಳಿದು, ಮಿಶ್ರಣವನ್ನು ಪದರಪದರವಾಗಿ ತುಂಬಿ ದಮ್ಮಸ್ಸು ಮಾಡಬೇಕು. ಮೇಲ್ಮೈ ತುಸು ಉಬ್ಬಿರಲಿ, ವಾಹನ ಓಡಿದಂತೆ ಅದು ಕೂರುತ್ತದೆ. ಚೀಲಗಳಲ್ಲಿ ಸಿಗುವ ಸಿದ್ಧ ತಣ್ಣನೆ ಮಿಶ್ರಣ ಮಳೆಗಾಲದ ತುರ್ತಿಗೆ ಆಗುತ್ತದೆ, ಆದರೆ ಒಡೆದ ಚೀಲದ್ದು ಗಟ್ಟಿಕಟ್ಟಿರುತ್ತದೆ, ಬೇಡ. ಅದೇ ಜಾಗದಲ್ಲಿ ಗುಂಡಿ ಮತ್ತೆ ಬಿದ್ದರೆ ಮೊದಲು ಪಕ್ಕದ ಚರಂಡಿಯನ್ನು ನೋಡಿ.

7. ಹಣ ಮತ್ತು ಭಾರ

ವಾರ್ಷಿಕ ಕ್ರಿಯಾ ಯೋಜನೆಯ ಮೊದಲ ಸಾಲಿನಲ್ಲಿ ನಿರ್ವಹಣೆಯ ಹಣ ಬರೆಯಿರಿ, ಉಳಿದದ್ದರಲ್ಲಿ ಹೊಸ ರಸ್ತೆ ಮಾಡಿ. ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಚರಂಡಿ ಮತ್ತು ಮೋರಿಗಳ ಹೂಳು ತೆಗೆಸಿ. ಕೆಲಸ ಅಳೆಯುವ ಮುನ್ನ ಬಿಲ್ ಪಾಸಾಗುವ ತುಂಡು ಗುತ್ತಿಗೆಗಿಂತ, ಊರಿನ ಕೂಲಿಯವರಿಗೇ ಕಿಲೋಮೀಟರ್ ಲೆಕ್ಕದಲ್ಲಿ ವರ್ಷಪೂರ್ತಿ ವಹಿಸುವುದು ಮೇಲು.

ಅಮೆರಿಕದ ಇಲಿನಾಯ್ಸ್‌ನಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದಂತೆ, ವಾಹನದ ಅಚ್ಚಿನ (ಆಕ್ಸಲ್) ಮೇಲಿನ ಭಾರ ದುಪ್ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಇದೇ ಲೆಕ್ಕದಲ್ಲಿ, ಮಿತಿಯಷ್ಟು ಭಾರ ಹೊತ್ತ ಅಚ್ಚಿನ ಹಾನಿ 60 ಪ್ರತಿಶತದಷ್ಟು ಹೆಚ್ಚಿತು. ಮುಧೋಳ, ಜಮಖಂಡಿಯ ಕಡೆ ಕಬ್ಬಿನ ಹಂಗಾಮು ಶುರುವಾದರೆ ತುಂಬಿದ ಟ್ರೇಲರುಗಳು ಹಳ್ಳಿ ರಸ್ತೆ ಹಿಡಿಯುತ್ತವೆ. ಆದ್ದರಿಂದ ನುರಿಸುವಿಕೆ ಆರಂಭವಾಗುವ ಮುನ್ನವೇ, ಅಕ್ಟೋಬರಿನಲ್ಲಿ, ಕಾರ್ಖಾನೆಯವರನ್ನೂ ಎಂಜಿನಿಯರುಗಳನ್ನೂ ಒಟ್ಟಿಗೆ ಕೂರಿಸಿ, ಕಬ್ಬಿನ ಬಂಡಿಗಳು ಯಾವ ರಸ್ತೆಗಳಲ್ಲಿ ಮಾತ್ರ ಓಡಬೇಕೆಂದು ಬರೆಸಿ ಸಹಿ ಪಡೆಯಿರಿ. ಆ ರಸ್ತೆಗಳ ಪದರಗಳ ದಪ್ಪವನ್ನು ಕಬ್ಬಿನ ಭಾರಕ್ಕೇ ಲೆಕ್ಕ ಹಾಕಿಸಿ.