ಸ್ಲೈಡಿನ ಮೇಲಿನ ಧೂಮಕೇತುಗಳು: ಟೈಟಾನಿಯಂ ನ್ಯಾನೊಕಣಗಳೊಂದಿಗೆ ನನ್ನ ಅನುಭವ

ಟೈಟಾನಿಯಂ ಡೈಆಕ್ಸೈಡಿನ ನ್ಯಾನೊಕಣಗಳು ಶ್ವಾಸಕೋಶದ ಜೀವಕೋಶಗಳ ಡಿಎನ್‌ಎಯನ್ನು ತುಂಡರಿಸುತ್ತವೆಯೇ ಎಂಬುದನ್ನು ತಿಳಿಯಲು ನಾನು ಕಾಮೆಟ್ ಪರೀಕ್ಷೆಯನ್ನು ಆರಿಸಿಕೊಂಡೆ. ಕಣಗಳ ಜೊತೆ ಬೆಳೆಸಿದ ಎ549 ಎಂಬ ಮಾನವ ಶ್ವಾಸಕೋಶದ ಕೋಶಗಳನ್ನು 37 ಡಿಗ್ರಿ ಉಷ್ಣತೆಯ ಅಗರೋಸ್ ಎಂಬ ಜೆಲ್ಲಿಯಂಥ ವಸ್ತುವಿನಲ್ಲಿ ಬೆರೆಸಿ ಸ್ಲೈಡಿನ ಮೇಲೆ ತೆಳುವಾಗಿ ಹರಡಿ, ಉಪ್ಪು ಮತ್ತು ಮಾರ್ಜಕದ ದ್ರಾವಣದಲ್ಲಿ ಕೋಶಪೊರೆಯನ್ನು ಕರಗಿಸಿ, ಪಿಎಚ್ 13ನ್ನು ಮೀರಿದ ಕ್ಷಾರದಲ್ಲಿ ಎಳೆಗಳನ್ನು ಬಿಡಿಸಿ ವಿದ್ಯುತ್ ಹಾಯಿಸಿದರೆ, ತುಂಡಾದ ಡಿಎನ್‌ಎ ಧನಧ್ರುವದತ್ತ ಸರಿದು ಧೂಮಕೇತುವಿನ ಬಾಲದಂತೆ ಹೊಳೆಯುತ್ತದೆ. ಪೆಟ್ಟು ಬೀಳದ ಕೋಶ ದುಂಡಗಿನ ಬಿಂದುವಾಗಿಯೇ ಉಳಿಯುತ್ತದೆ.

ಮೊದಲ ಸಲ ಬಂದ ಬಾಲಗಳು ಎಷ್ಟು ಉದ್ದವಾಗಿದ್ದವೆಂದರೆ, ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು. ಕೋಶಗಳಲ್ಲಿ ಬಹುಪಾಲು ಬದುಕಿಯೇ ಇದ್ದವು. ಆದ್ದರಿಂದ ಸಾಯುತ್ತಿರುವ ಕೋಶದ ಡಿಎನ್‌ಎ ತಾನಾಗಿ ಚೂರಾಗಿದೆ ಎನ್ನುವಂತಿರಲಿಲ್ಲ. ಸ್ಲೈಡನ್ನು ಮತ್ತೆ ನೋಡಿದಾಗ ಬಾಲದ ಬುಡದಲ್ಲಿ ಕಣಗಳ ಕಪ್ಪು ಗುಪ್ಪೆಗಳು ಅಂಟಿಕೊಂಡಿದ್ದವು. ಪೊರೆ ಕರಗಿದ ಮೇಲೆ ಈ ಕಣಗಳು ಬತ್ತಲೆಯಾದ ಡಿಎನ್‌ಎಯ ಮೈಮೇಲೆಯೇ ಕೂತಿರುತ್ತವೆ. ಟೈಟಾನಿಯಂ ಡೈಆಕ್ಸೈಡಿನ ಮೇಲೆ ಅತಿನೇರಳೆ ಬೆಳಕು ಬಿದ್ದರೆ ಡಿಎನ್‌ಎಯನ್ನು ಕತ್ತರಿಸಬಲ್ಲ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ನಾನು ಸ್ಲೈಡುಗಳನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೆ.

ಕಣಗಳನ್ನೇ ಕಾಣದ ಕೋಶಗಳಿಗೆ ಅಗರೋಸ್ ಬೆರೆಸುವ ಕ್ಷಣದಲ್ಲಷ್ಟೇ ಕಣಗಳನ್ನು ಸೇರಿಸಿ ಪರೀಕ್ಷೆ ನಡೆಸಿದೆ. ಅಲ್ಲಿಯೂ ಬಾಲ ಮೂಡಿತು. ಅಂದರೆ ಹಾನಿಯ ಒಂದು ಪಾಲು ಜೀವಂತ ಕೋಶದಲ್ಲಲ್ಲ, ನನ್ನ ಮೇಜಿನ ಮೇಲೆ ಆದದ್ದು. ಈ ವ್ಯತ್ಯಾಸವನ್ನು ನಾನು ಹಗುರವಾಗಿ ಕಾಣಲಾರೆ; ಈ ವಸ್ತುವಿನಿಂದ ಡಿಎನ್‌ಎಗೆ ಹಾನಿಯಾಗುವ ಶಂಕೆಯನ್ನು ತಳ್ಳಿಹಾಕಲಾಗದೆಂಬ ಕಾರಣಕ್ಕೇ ಯುರೋಪಿಯನ್ ಒಕ್ಕೂಟ 2022ರಲ್ಲಿ ಇದನ್ನು ಆಹಾರದ ಬಣ್ಣವಾಗಿ ಬಳಸುವುದನ್ನು ನಿಷೇಧಿಸಿತು.

ಅಂದಿನಿಂದ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಜಾಡಿಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಮಂದವಾದ ಕೆಂಪು ಬೆಳಕಿನಲ್ಲಿಯೇ ಕೆಲಸ ಮಾಡುತ್ತೇನೆ. ಹಾಗೆ ಮಾಡಿದಾಗ ಬಾಲಗಳು ಗಿಡ್ಡವಾದವು, ಆದರೆ ಇಲ್ಲವಾಗಲಿಲ್ಲ. ಡಿಎನ್‌ಎಯ ಒಂದು ಘಟಕವಾದ ಗ್ವಾನಿನ್ ಆಕ್ಸಿಡೀಕರಣಗೊಂಡಿರುವಲ್ಲಿ ಎಳೆಯನ್ನು ಕತ್ತರಿಸುವ ಎಫ್‌ಪಿಜಿ ಕಿಣ್ವವನ್ನು ಸ್ಲೈಡಿನ ಮೇಲೆ ಹಾಕಿದಾಗ ಅವು ಮತ್ತೆ ಉದ್ದವಾದವು. ಕೋಶದೊಳಗೇ ಆಕ್ಸಿಡೀಕರಣ ನಡೆದಿದೆ ಎಂದು ನಾನು ನಂಬುವುದು ಇದರಿಂದ. ಈಗ ಅದೇ ಕೋಶಗಳಲ್ಲಿ, ಹಾನಿಗೊಂಡ ವರ್ಣತಂತುಗಳ ಚೂರುಗಳಿಂದಾಗುವ ಪುಟ್ಟ ಕೋಶಕೇಂದ್ರಗಳಾದ ಮೈಕ್ರೊನ್ಯೂಕ್ಲಿಯಸ್‌ಗಳನ್ನು ಎಣಿಸುತ್ತಿದ್ದೇನೆ. ಅದಕ್ಕೆ ಬೇಕಾದ, ಕೋಶ ಎರಡಾಗಿ ಬೇರ್ಪಡುವುದನ್ನು ತಡೆಯುವ ಸೈಟೊಕಲಾಸಿನ್-ಬಿ ಎಂಬ ರಾಸಾಯನಿಕವು, ನ್ಯಾನೊಕಣಗಳು ಕೋಶದ ಒಳಹೋಗುವುದನ್ನೇ ತಡೆಯಬಲ್ಲದು. ಹಾಗಾಗಿ ಮೊದಲು ಕಣಗಳಿಗೆ 24 ಗಂಟೆ ಕೊಟ್ಟು, ಆಮೇಲೆ ಅದನ್ನು ಹಾಕುತ್ತೇನೆ.