ಒಂದೇ ಹಾಳೆಯಲ್ಲಿ ಕಮಾನು ಮಡಿಸಿದ್ದು

ವಿಜಯಪುರದ ಬಾರಾ ಕಮಾನ್ ನೋಡುತ್ತಲೇ ಬೆಳೆದವನು ನಾನು. ಮನೆಯ ದೀಪಕ್ಕೆ ಅಂಥ ಬಾಗು ಇರುವ ಕಾಗದದ ಮುಚ್ಚಳ ಬೇಕು ಅನಿಸಿತು. ಒಂದೇ ಹಾಳೆ, ಅಂಟು ಹಚ್ಚುವಂತಿಲ್ಲ.

ಉದ್ದ ನೇರ ಗೆರೆಗಳನ್ನು ಅಂಕುಡೊಂಕು ಸಾಲುಗಳು ಅಡ್ಡ ದಾಟುವ ಮಿಯುರಾ ಮಡಿಕೆಯಿಂದ ಶುರು ಮಾಡಿದೆ. ಜಪಾನಿನ ಕೊರ್ಯೊ ಮಿಯುರಾ ಅವರದು ಇದು. 1995ರಲ್ಲಿ ಅಲ್ಲಿಯ ಸ್ಪೇಸ್ ಫ್ಲೈಯರ್ ಯೂನಿಟ್ ಉಪಗ್ರಹದ ಸೌರಫಲಕವನ್ನು ಹೀಗೇ ಮಡಿಸಿ ಕಳಿಸಿದ್ದರು. ಸೀರೆಯ ನೆರಿಗೆ ಒಂದೇ ದಿಕ್ಕಿಗೆ ಕೂಡುತ್ತದೆ. ಇದು ಉದ್ದ, ಅಗಲ ಎರಡೂ ಕಡೆ ಒಟ್ಟಿಗೇ ಕುಗ್ಗುತ್ತದೆ. ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದು ಗೆರೆ ಹಾಕಿಸಿದೆ.

ಆದರೆ ಮಿಯುರಾ ಬಾಗುವುದಿಲ್ಲ, ಚಪ್ಪಟೆಯಾಗೇ ಇರುತ್ತದೆ. ಬಾಗಲಿ ಅಂತ ಗೆರೆ ಕೂಡುವ ಬಿಂದುಗಳನ್ನು ಅಂದಾಜಿನ ಮೇಲೆ ಸರಿಸಿದೆ. ಪರದೆ ಮೇಲೆ ಚಂದ ಕಂಡಿತು, ಮಡಿಸಿದರೆ ಗೆರೆ ಕೂಡುವ ಕಡೆಯೆಲ್ಲ ಸುಕ್ಕು. ಕೋನ ಅಳೆದ ಮೇಲೆ ತಿಳಿಯಿತು. ನಾಲ್ಕು ಗೆರೆ ಸೇರುವಲ್ಲಿ ಒಂದು ಬಿಟ್ಟು ಒಂದು ಕೋನ ಕೂಡಿದರೆ 180 ಡಿಗ್ರಿ ಬರಲೇಬೇಕು, ಇಲ್ಲದಿದ್ದರೆ ಪೂರ್ತಿ ಮಡಚುವುದಿಲ್ಲ. ಇದು ಕವಾಸಾಕಿ ನಿಯಮ. ನನ್ನದು ಒಂದು ಕಡೆ 187 ಇತ್ತು.

ಆಗ ಹೊಳೆದದ್ದು ಇಷ್ಟೇ: ಉದ್ದ ಗೆರೆಗಳನ್ನು ಮುಟ್ಟಬಾರದು, ಅಂಕುಡೊಂಕು ಸಾಲುಗಳ ಓರೆಯನ್ನಷ್ಟೇ ಬದಲಿಸಬೇಕು. ಒಂದು ಸಾಲಿಗೆ 60 ಡಿಗ್ರಿ, ಮುಂದಿನದಕ್ಕೆ 75, ಮತ್ತೆ 60. ಉದ್ದ ಗೆರೆಯ ಎಡಬಲ ಕೋನ ಒಂದೇ ಇರುವುದರಿಂದ ನಿಯಮ ತಾನೇ ಪಾಲನೆಯಾಗುತ್ತದೆ. ಗೆರೆಗಳ ನಡುವಿನ ನಾಲ್ಕು ಬದಿಯ ತುಂಡುಗಳು 30 ಮಿ.ಮೀ. ಅಗಲ. ಅವುಗಳ ಒಂದು ಬದಿ 30, ಇನ್ನೊಂದು ಬದಿ ಒಮ್ಮೆ 20.7, ಒಮ್ಮೆ 39.3. ಈ ವ್ಯತ್ಯಾಸವೇ ಹಾಳೆಯನ್ನು ಬಗ್ಗಿಸುತ್ತದೆ. ಮಡಿಕೆ ಹೇಗೆ ಕೂಡುತ್ತದೆ ಅಂತ ಪರದೆ ಮೇಲೆ ತೋರಿಸುವ, ಅಮಾಂಡಾ ಘಸ್ಸೈ ಅವರ ಒರಿಗಾಮಿ ಸಿಮ್ಯುಲೇಟರ್‌ಗೆ ಹಾಕಿದೆ. ಉಬ್ಬು ಮಡಿಕೆ ಕೆಂಪು ಗೆರೆ, ತಗ್ಗು ಮಡಿಕೆ ನೀಲಿ. ಕಮಾನು ಎದ್ದು ನಿಂತಿತು!

ಗೆರೆ ಹೊಡೆಸಲು ಗಾಡಿಗೆ ಸ್ಟಿಕರ್ ಕತ್ತರಿಸುವ ರೇಡಿಯಂ ಅಂಗಡಿಗೆ ಹೋದೆ. "ಇದ್ಯಾವ ಗಾಡಿಗೆ ಹಚ್ಚೋದ್ರಿ ಸರ?" ಅಂತ ಕೇಳಿದರು. ಲಗ್ನಪತ್ರಿಕೆಯಷ್ಟು ದಪ್ಪ ಕಾಗದ ಬ್ಯಾಡ, ಅದು ಗೆರೆಗುಂಟ ಸೀಳುತ್ತದೆ. ಡ್ರಾಯಿಂಗ್ ಹಾಳೆ ಸಾಕು. ಗೆರೆಯುದ್ದಕ್ಕೂ 3 ಮಿ.ಮೀ. ಕತ್ತರಿಸಿ, 2 ಮಿ.ಮೀ. ಬಿಟ್ಟರೆ ಮಡಿಕೆ ಸಲೀಸು.

ಮಡಿಸುವಾಗ ಅವಸರ ಮಾಡಬೇಡಿ. ಮೊದಲು ಪ್ರತಿ ಗೆರೆಯನ್ನೂ ಉಗುರಿನಿಂದ ಚಿವುಟಿ, ಆಮೇಲೆ ಎರಡೂ ತುದಿ ಹಿಡಿದು ಮೆಲ್ಲಗೆ ಒತ್ತಿ. ಅರ್ಧ ದಾರಿಯಲ್ಲಿ ಎಲ್ಲ ತುಂಡುಗಳೂ ಒಟ್ಟಿಗೇ ಅಲುಗುವುದು ಬೆರಳಿಗೆ ಗೊತ್ತಾಗುತ್ತದೆ. ಒಳಗೆ ಸಣ್ಣ ಎಲ್‌ಇಡಿ ಬಲ್ಬ್ ಮಾತ್ರ ಹಾಕಿದ್ದೇನೆ, ಕಾಗದ ಅಲ್ವಾ.